ಜವರಮ್ಮನ ದನಿ ಹುಡುಕಿಕೊಂಡು ಅರಕಲಗೂಡಿಗೆ

ಸಿಟ್ಟಿನಲ್ಲೇ ಮನೆ ಬಿಟ್ಟೆ. ಹಾಸನದ ನಿಲ್ದಾಣದಲ್ಲಿ ಹೊಳೆನರಸೀಪುರದ ಬಸ್ಸಿಗೆ ನೂಕುನುಗ್ಗಲು. ಹೆಂಗಸರಿಗೆ ಪ್ರಯಾಣ ಪುಕ್ಕಟೆಯಾದ ಮೇಲೆ ಸೀಟು ಹಿಡಿಯುವುದೇ ಒಂದು ಸಾಹಸ. ಆಧಾರ್ ತೋರಿಸಿ ಶೂನ್ಯದ ಟಿಕೆಟ್ ಪಡೆದು ಕಿಟಕಿ ಪಕ್ಕ ಕೂತೆ. ಮಾಗಿಯ ಮಂಜು ಇನ್ನೂ ಕರಗಿರಲಿಲ್ಲ. ಮೈ ನಡುಗುತ್ತಿತ್ತು, ತಲೆ ಮಾತ್ರ ಕಾದ ಕಾವಲಿಯಾಗಿತ್ತು.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವಳು. ರಜೆ ಬಂತೆಂದರೆ ನಮ್ಮ ಕಡೆಯ ಹಾಡು, ಕಸುಬುಗಳ ವಿಡಿಯೊಗಳನ್ನು ಇಂಟರ್ನೆಟ್ಟಿನ ಒಂದು ಮುಕ್ತ ಸಂಗ್ರಹಕ್ಕೆ ಏರಿಸುತ್ತೇನೆ. ಅಲ್ಲಿಟ್ಟದ್ದನ್ನು ಯಾರು ಬೇಕಾದರೂ ನೋಡಬಹುದು, ಇಳಿಸಿಕೊಳ್ಳಬಹುದು, ತಿದ್ದಿ ಬೆಳೆಸಬಹುದು. ಮಾಡಿದವರ ಹೆಸರು ಹೇಳಬೇಕು, ತಿದ್ದಿದ್ದನ್ನೂ ಹೀಗೇ ಎಲ್ಲರಿಗೂ ಬಿಟ್ಟುಕೊಡಬೇಕು, ಅಷ್ಟೇ. ನನ್ನ ಹಳೆಯ ವಿದ್ಯಾರ್ಥಿನಿ ಸವಿತಾಳ ಅಜ್ಜಿ, ದಂಡಿಗನಹಳ್ಳಿಯ ಜವರಮ್ಮ. ಹೆಣ್ಣೊಪ್ಪಿಸುವ ಹಾಡೊಂದನ್ನು ಕೊನೆಯ ತನಕ ಬಲ್ಲವರು ಆ ಸೀಮೆಯಲ್ಲಿ ಅವರೊಬ್ಬರೇ. ಹೋದ ವರ್ಷ ಗಂಟಲಿನ ಆಪರೇಷನ್ ಆಗಿ ಅವರ ದನಿಪೆಟ್ಟಿಗೆಯನ್ನೇ ತೆಗೆದುಬಿಟ್ಟರು. ಅವರು ಹಾಡಿದ್ದಕ್ಕೆ ಉಳಿದ ಸಾಕ್ಷಿ ಸವಿತಾಳ ಮದುವೆ ವಿಡಿಯೊ ಒಂದೇ.

ಅದನ್ನು ತರಿಸಿಕೊಂಡು ನೋಡಿದರೆ, ಜವರಮ್ಮ ಬಾಯಿ ತೆರೆಯುತ್ತಾರೆ, ಕೇಳಿಸುವುದು ಸಿನಿಮಾ ಹಾಡು! ಥೂ! ಸ್ಟುಡಿಯೊದವನು ಅವರ ದನಿ ಅಳಿಸಿ ಅದರ ಮೇಲೆ ಸಿನಿಮಾ ಹಾಡು ಕೂರಿಸಿದ್ದ. ಬೇರೆಯವರ ಹಕ್ಕಿನ ಹಾಡಿರುವ ವಿಡಿಯೊವನ್ನು ಮುಕ್ತ ಸಂಗ್ರಹ ತೆಗೆದುಕೊಳ್ಳುವುದಿಲ್ಲ. ಆ ನಿಯಮದ ಮೇಲೆ ನನಗೆ ತಕರಾರಿಲ್ಲ. ಯಾರದೋ ಹಾಡನ್ನು ಊರಿಗೆಲ್ಲ ಹಂಚಲು ನಾವು ಯಾರು? ನನಗೆ ಬೇಕಿದ್ದದ್ದು ಜವರಮ್ಮನ ಅಸಲು ದನಿ.

ಹೊಳೆನರಸೀಪುರದಲ್ಲಿ ಹೇಮಾವತಿ ಕಡೆಯಿಂದ ಬೀಸುವ ಗಾಳಿ ಕಿವಿ ಕಚ್ಚುತ್ತಿತ್ತು. ನಾನು ಮನೆ ತಲುಪಿದಾಗ ಸವಿತಾಳ ಗಂಡ ಬ್ಯಾಂಕಿಗೆ ಹೊರಟಿದ್ದ. ಅವಳು ಬಿಸಿಬಿಸಿ ಅವರೆಕಾಳು ಉಪ್ಪಿಟ್ಟು ತಂದಿಟ್ಟಳು.

“ಹಾಡು ತುಂಬದೇ ಇರೋ ಅಸಲಿ ವಿಡಿಯೊ ಇಲ್ವೇನೇ?” ಎಂದೆ.

“ಇಲ್ಲ ಮಿಸ್. ಸಿನಿಮಾ ಹಾಡು ಹಾಕಿ ಅಂತ ನಾನೇ ಹೇಳಿದ್ದು. ಎಲ್ರೂ ಹಾಗೇ ಹಾಕಿಸ್ತಿದ್ರು. ಅಜ್ಜಿ ಹಾಡು ಗಂಡಿನ ಕಡೆಯೋರಿಗೆ ಹಳ್ಳಿ ಥರ ಕಾಣುತ್ತೆ ಅಂತ ನಾಚಿಕೆ ಆಗಿತ್ತು.” ಅವಳ ಕಣ್ಣು ತುಂಬಿತು. “ಅಜ್ಜಿ ದನಿ ಹೋಗುತ್ತೆ ಅಂತ ಯಾರಿಗೆ ಗೊತ್ತಿತ್ತು ಮಿಸ್?”

ಬೈಯಲು ಬಾಯಿಗೆ ಬಂದದ್ದನ್ನು ಉಪ್ಪಿಟ್ಟಿನ ಜೊತೆ ನುಂಗಿದೆ. ಅವಳೊಬ್ಬಳದೇ ತಪ್ಪೇ? ನಮ್ಮ ಕಡೆ ಇದು ಪದ್ಧತಿಯೇ ಆಗಿಹೋಗಿದೆ. ಹೆಂಗಸರು ಗಂಟಲು ಹರಿಯುವಂತೆ ಸೋಬಾನೆ ಹೇಳುತ್ತಾರೆ. ವಿಡಿಯೊದವರು ಅದನ್ನು ಗಲಾಟೆ ಎಂದು ಒರೆಸಿಹಾಕುತ್ತಾರೆ. ಸ್ಟುಡಿಯೊ ಅರಕಲಗೂಡಿನಲ್ಲಿದೆ ಎಂದಳು. ಸಿಕ್ಕಿದ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಟಾರು ರಸ್ತೆಯ ಮೇಲೆ ಹುರುಳಿ ಹರಡಿದ್ದರು. ಬಸ್ಸು ಅದರ ಮೇಲೇ ಹಾದು ಒಕ್ಕಣೆ ಮಾಡಿಕೊಟ್ಟಿತು. ಡ್ರೈವರು ಗೊಣಗಿದ, ಕಂಬಳಿ ಹೊದ್ದವರೊಬ್ಬರು ನಕ್ಕು ಕೈಯೆತ್ತಿದರು. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ.

ಸ್ಟುಡಿಯೊ ಪೇಟೆಯ ಒಂದು ಮಹಡಿಯ ಮೇಲಿತ್ತು. ಮಾಲೀಕ ಲೋಕೇಶ ಮರ್ಯಾದಸ್ಥ. ಕೂರಿಸಿ ಟೀ ತರಿಸಿದ.

“ಅದಾ ಮೇಡಂ? ಆರ್ಡ್ ಡಿಸ್ಕಲ್ಲೇ ಐತೆ. ಎಲ್ಲೂ ಓಗಿಲ್ಲ,” ಎಂದ. ನನಗೆ ಜೀವ ಬಂದಂತಾಯಿತು. ಹುಡುಕಿ ಫೈಲು ತೋರಿಸಿದ. ಒತ್ತಿದ. ತೆರೆಯಲಿಲ್ಲ.

“ಆಗಿನ್ ಸಾಫ್ಟ್‌ವೇರು ವಿಡಿಯೊನೆಲ್ಲ ತನ್ ಫಾರ್ಮ್ಯಾಟಿಗೇ ಮಾಡ್ಕಬುಡೋದು ಮೇಡಂ. ಅದ್ ತೆಗಿಯಕೆ ಡಾಂಗಲ್ ಅಂತ ಒಂದ್ ಬರೋದು, ಕಂಪ್ಯೂಟ್ರಿಗೆ ಚುಚ್ಚೋ ಬೀಗದ ಕೈ ಇದ್ದಂಗೆ. ಅದು ಸುಟ್ಟೋಯ್ತು. ಕಂಪ್ನಿಯೋರ್ನ ಕೇಳಾನ ಅಂದ್ರೆ ಅವ್ರೇ ಬಾಗ್ಲು ಆಕ್ಕಂಡ್ ಓಗವ್ರೆ.”

“ಕ್ಯಾಮೆರಾ ಕಾರ್ಡು?”

“ಮುಂದಿನ್ ಮದ್ವೆಗೆ ಬೇಕಲ್ಲ? ಅಳಿಸ್ಬುಟ್ಟೆ.”

ನನ್ನ ಲ್ಯಾಪ್‌ಟಾಪಿನಲ್ಲಿದ್ದ ಉಚಿತ ತಂತ್ರಾಂಶಗಳನ್ನೆಲ್ಲ ಒಂದಾದ ಮೇಲೊಂದು ಆ ಫೈಲಿನ ಮೇಲೆ ಬಿಟ್ಟೆ. ಒಂದೂ ಅದರೊಳಕ್ಕೆ ಹೋಗಲಿಲ್ಲ. ಮೈಯೆಲ್ಲ ಉರಿದುಹೋಯಿತು. ಹಾಡು ಜವರಮ್ಮನದು, ಮದುವೆ ಸವಿತಾಳದು, ಡಿಸ್ಕು ಲೋಕೇಶನದು. ಬೀಗ ಮಾತ್ರ ಅಂಗಡಿ ಮುಚ್ಚಿ ಓಡಿಹೋದ ಯಾವನದೋ! ಮುಕ್ತ ಫಾರ್ಮ್ಯಾಟಿನ ಒಳಗುಟ್ಟು ಎಲ್ಲರ ಮುಂದೆ ಬಿಚ್ಚಿಟ್ಟಿರುತ್ತದೆ. ಒಬ್ಬ ಹೋದರೆ ಇನ್ನೊಬ್ಬ ಅದನ್ನು ತೆರೆಯುವ ದಾರಿ ಮಾಡುತ್ತಾನೆ. ಇದನ್ನೆಲ್ಲ ನಾನು ಕಿರುಚಿಯೇ ಹೇಳಿದೆನೆಂದು ಕಾಣುತ್ತದೆ. ಕೆಳಗಿನ ಅಂಗಡಿಯವನು ಮೆಟ್ಟಿಲೇರಿ ಬಂದು ಇಣುಕಿದ.

“ಬೈರಿ ಮೇಡಂ, ಬೈಸ್ಕತೀನಿ. ಆದ್ರೆ ಇದೇನ್ ಆಗಾಕಿಲ್ಲ,” ಎಂದ ಲೋಕೇಶ.

ಉಳಿದದ್ದು ಒಂದೇ ದಾರಿ. ಸಿನಿಮಾ ಹಾಡು ತೆಗೆದುಹಾಕಿ ಮೂಕ ಚಿತ್ರವನ್ನಾದರೂ ಸಂಗ್ರಹಕ್ಕೆ ಸೇರಿಸುವುದು. ಚಿತ್ರ ತೆಗೆದವನು ಅವನು, ಅವನ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ಕೇಳಿದೆ.

“ಆಕ್ಕಳಿ. ನಮ್ ಸ್ಟುಡಿಯೊ ಎಸ್ರು ಮಾತ್ರ ತೆಗೀಬ್ಯಾಡಿ.” ವಿಡಿಯೊದ ಮೂಲೆಯಲ್ಲಿ ಅದು ಚಿನ್ನದ ಬಣ್ಣದಲ್ಲಿ ತೇಲುತ್ತಿತ್ತು.

“ಹಾಡಿದೋರ ಹೆಸರು ಎಲ್ಲಿದೆಯಪ್ಪಾ ಇದರಲ್ಲಿ?”

ಲೋಕೇಶ ಎದುರಿಗೇ ಕೂತು ಒಪ್ಪಿಗೆಯ ಇಮೇಲ್ ಕಳಿಸಿದ. ಸಂಜೆ ಹಾಸನಕ್ಕೆ ವಾಪಸಾದೆ.

ಮಾರನೆಯ ದಿನ ಚನ್ನರಾಯಪಟ್ಟಣದ ಬಸ್ಸು, ಅಲ್ಲಿಂದ ದಂಡಿಗನಹಳ್ಳಿಗೆ ಶೇರ್ ಆಟೊ. ಜವರಮ್ಮ ಗಂಟಲಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಜಗಲಿಯಲ್ಲಿ ಅವರೆ ಸುಲಿಯುತ್ತಿದ್ದರು. ದನಿ ಸಿಗಲಿಲ್ಲ ಎಂದು ಇದ್ದದ್ದು ಇದ್ದಂತೆ ಹೇಳಿದೆ.

“ಅವ್ನ ಮನೆ ಆಳಾಗ!” ಸೊಸೆ ಗೌರಮ್ಮ ಶಪಿಸಿದಳು.

ಹಾಡು ತೆಗೆದ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ಹಾಕಿದೆ. ಅಕ್ಕಪಕ್ಕದ ಹೆಂಗಸರು ಬಂದು ಕೂತರು. ಪರದೆಯ ಮೇಲಿನ ಜವರಮ್ಮ ಬಾಯಿ ತೆರೆದರು. ಜಗಲಿಯ ಮೇಲಿನ ಜವರಮ್ಮನ ತುಟಿಯೂ ಅದರ ಜೊತೆಗೇ ಆಡಿತು. ಗೌರಮ್ಮ ಅದನ್ನು ನೋಡುತ್ತಲೇ ಹಾಡು ಹಿಡಿದಳು, ಉಳಿದವರು ದನಿಗೂಡಿಸಿದರು.

“ಬಟ್ಟಲ ಕೊಟ್ಟೇವು, ಬಂಗಾರ ಕೊಟ್ಟೇವು, ತೊಟ್ಟಿಲ ಕೂಸ ಕೊಟ್ಟೇವು, ಕೊಡದಂಗೆ ನಾವು ಬಚ್ಚಿಟ್ಟುಕೊಂಡೇವು…”

ಅಲ್ಲಿಗೆ ನಿಂತಿತು. ಏನನ್ನು ಬಚ್ಚಿಟ್ಟುಕೊಂಡರು? ಯಾರಿಗೂ ಗೊತ್ತಿಲ್ಲ. ಪರದೆಯ ಮೇಲಿನ ತುಟಿ, ಜಗಲಿಯ ಮೇಲಿನ ತುಟಿ ಎರಡೂ ಮುಂದಕ್ಕೆ ಹೋಗುತ್ತಲೇ ಇದ್ದವು. ಹೆಂಗಸರು ಅದೋ ಇದೋ ಎಂದು ಊಹಿಸಿದರು. ಬರೆದು ತೋರಿಸಲು ಜವರಮ್ಮನಿಗೆ ಅಕ್ಷರ ಬಾರದು. ಅಲ್ಲ ಅಲ್ಲ ಎಂದು ತಲೆಯಾಡಿಸಿ, ಕೊನೆಗೆ ಕೈಚೆಲ್ಲಿದರು.

ಮುಕ್ತ ಪರವಾನಗಿ ಎಂದರೇನೆಂದು ಬಿಡಿಸಿ ಹೇಳಿದೆ.

“ಯಾರ್ ಬೇಕಾದ್ರೂ ಮಾರ್ಕಬೋದಾ ಮೇಡಮ್ಮೋರೇ?” ಗೌರಮ್ಮ ಹುಬ್ಬು ಗಂಟಿಕ್ಕಿದಳು.

“ಮಾರಬಹುದು. ಆದರೆ ಅತ್ತೆಯ ಹೆಸರು ಹೇಳಲೇಬೇಕು. ತಿದ್ದಿದರೆ ಅದನ್ನೂ ಹೀಗೇ ಬಿಟ್ಟುಕೊಡಬೇಕು. ತುಟಿ ನೋಡಿ ಮಾತು ತಿಳಿಯುವವರು ಎಲ್ಲೋ ಒಬ್ಬರಿದ್ದರೆ, ಆ ಸಾಲನ್ನು ವಾಪಸು ತುಂಬಬಹುದು.”

ಜವರಮ್ಮ ನನ್ನ ಕೈ ಹಿಡಿದು ಲ್ಯಾಪ್‌ಟಾಪಿನ ಕಡೆ ತಳ್ಳಿದರು, ಹಾಕು ಎನ್ನುವಂತೆ.

ವೆಬ್‌ಎಮ್ ಎಂಬ ಮುಕ್ತ ಫಾರ್ಮ್ಯಾಟಿಗೆ ಬದಲಿಸಿ ಅಲ್ಲಿಂದಲೇ ಏರಿಸಿದೆ. ಚಿತ್ರೀಕರಣ: ಲೋಕೇಶ. ಹಾಡಿದವರು: ಜವರಮ್ಮ, ದಂಡಿಗನಹಳ್ಳಿ. ದನಿ: ಇಲ್ಲ. ಆ ‘ಇಲ್ಲ’ವನ್ನು ಒತ್ತುವಾಗ ಕೀಲಿಮಣೆ ಮುರಿಯುವಷ್ಟು ಸಿಟ್ಟು ಬಂತು.

ಆಟೊ ಹೊರಟಾಗ ತಿರುಗಿ ನೋಡಿದೆ. ಜವರಮ್ಮ ಜಗಲಿಯ ಕಂಬ ಹಿಡಿದು ನಿಂತು ನನಗೆ ಏನೋ ಹೇಳುತ್ತಿದ್ದರು. ಹೋಗಿ ಬಾ ಎಂದರೋ, ಉಳಿದ ಆ ಸಾಲನ್ನೇ ಹೇಳಿದರೋ, ನನಗೆ ತಿಳಿಯಲಿಲ್ಲ.