ಗಡಿಬಿಡಿ ಕೊಟ್ಟ ಹತ್ತು ನಿಮಿಷ

ಅವನಿಗೆ ಗಡಿಬಿಡಿ ಎಂದು ಹೆಸರಿಟ್ಟವಳು ಅವನ ಅಕ್ಕನೇ. ಎಂಟನೇ ತಿಂಗಳಿಗೇ ಹುಟ್ಟಿದ ತಮ್ಮ. ಅಮ್ಮ ತೀರಿಕೊಂಡ ಮೇಲೆ ಆರು ವರ್ಷ ದೊಡ್ಡವಳಾದ ಅವಳೇ ಅವನಿಗೆ ಉಣಿಸಿ, ತಲೆ ಬಾಚಿ, ಸ್ಕೂಲಿಗೆ ಕಳಿಸಿದಳು. ಅನ್ನ ಬೇಯುವ ಮೊದಲೇ ಮುಚ್ಚಳ ತೆಗೆದು ನೋಡುವವನು, ಬಸ್ಸು ನಿಲ್ಲುವ ಮೊದಲೇ ಇಳಿದು ಮೊಣಕಾಲು ತರಚಿಕೊಂಡವನು. ಎಲ್ಲಾದರೂ ಕ್ಯೂ ಕಂಡರೆ ಮೈಯೆಲ್ಲ ಉರಿ. ಇಂಥವನ ಕೈಗೆ ಲ್ಯಾಬಿನ ಕಂಪ್ಯೂಟರ್ ಸರ್ವರ್ ಕೊಟ್ಟರಲ್ಲ, ಆ ಆಸ್ಪತ್ರೆಯವರಿಗಾದರೂ ಬುದ್ಧಿ ಬೇಡವೇ?

ಕೆಲಸದಲ್ಲಿ ಚುರುಕು, ಅದನ್ನು ಇಲ್ಲವೆನ್ನುವಂತಿಲ್ಲ. ರೋಗಿಯ ರಕ್ತದಿಂದ ಓದಿದ ವಂಶವಾಹಿಯ ಅಕ್ಷರಗಳನ್ನು ಲ್ಯಾಬಿನವರು ಕಂಪ್ಯೂಟರಿನಲ್ಲಿ ಒಂದು ಪುಟಕ್ಕೆ ಹಾಕುತ್ತಾರೆ. ಸರ್ವರ್ ಅದನ್ನು ಗೊತ್ತಿರುವ ದೋಷಗಳ ಪಟ್ಟಿಯೊಂದಿಗೆ ಹೋಲಿಸಿ ಉತ್ತರ ಕೊಡುತ್ತದೆ. ಅದನ್ನೆಲ್ಲ ಹೊಸದಾಗಿ ಜೋಡಿಸಿದವನು ಅವನೇ, ಕಿಟಕಿಯಿಲ್ಲದ ಕೋಣೆಯಲ್ಲಿ, ಏಸಿಯ ಚಳಿಗೆ ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು. ಮೊದಲ ವಾರವೇ ದೂರು ಬಂತು. ಅಕ್ಷರಗಳು ಹೆಚ್ಚಿರುವ ಉದ್ದನೆಯ ಮಾದರಿ ಒಂದು ಒಳಗೆ ಹೋಗಿ ಕೂತರೆ ಹಿಂದಿನವೆಲ್ಲ ಕಾಯುತ್ತಿದ್ದವು. "ಏನ್ರೀ, ನಿಮ್ಮ ಸರ್ವರ್ ನಿದ್ದೆ ಹೊಡೀತಿದೆಯಾ?" ಎಂದು ಲ್ಯಾಬಿನ ಮೇಡಂ ದಿನಕ್ಕೆ ನಾಲ್ಕು ಸಲ ತಲೆ ತಿಂದರು. ಅವನು ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ಸೇರಿಸಿದ: ಯಾವ ಹುಡುಕಾಟವೇ ಆಗಲಿ, ಹತ್ತು ನಿಮಿಷ ಮೀರಿದರೆ ನಿಲ್ಲಿಸು. ಕ್ಯೂ ಕರಗಿತು, ಮೇಡಂ ಬೆನ್ನು ತಟ್ಟಿದರು.

ಹಾಗೆ ನಿಂತುಹೋದ ಹುಡುಕಾಟ ಒಂದು ಖಾಲಿ ಫೈಲು ಬಿಟ್ಟುಹೋಗುತ್ತಿತ್ತು. ಫೈಲು ಖಾಲಿ ಇದ್ದರೆ 'ದೋಷ ಕಂಡುಬಂದಿಲ್ಲ' ಎಂದು ತೋರಿಸು ಅಂತ ಬರೆದವನೂ ಅವನೇ. ಪೂರ್ತಿ ಹುಡುಕಿ ಸಿಗದಿದ್ದರೂ ಅದೇ ಮಾತು, ಅರ್ಧಕ್ಕೇ ಕೈಬಿಟ್ಟರೂ ಅದೇ ಮಾತು. ಒಂದು ಉದ್ದನೆಯ ಮಾದರಿ ಹಾಕಿ ನೋಡಿದ್ದರೆ ಸಾಕಿತ್ತು. ಪುಣ್ಯಾತ್ಮ ನೋಡಲಿಲ್ಲ.

ಅಕ್ಕನ ಮೊದಲ ಮಗು ಹುಟ್ಟಿ ಒಂಬತ್ತು ತಿಂಗಳಿಗೆ ತೀರಿಹೋಗಿತ್ತು. ಹೆಣ್ಣು ಮಗು. ದಿನದಿಂದ ದಿನಕ್ಕೆ ಕಸುವು ಇಳಿದು, ಕೊನೆಗೆ ಹಾಲು ಚೀಪುವ ಶಕ್ತಿಯೂ ಉಳಿಯಲಿಲ್ಲ. ತೆಗೆದಿಟ್ಟಿದ್ದ ಅದರ ರಕ್ತದ ಮಾದರಿ ಹೊಸ ಸರ್ವರಿಗೆ ಹೋಯಿತು. ದೋಷ ಕಂಡುಬಂದಿಲ್ಲ! ಆ ಕಾಗದ ಹಿಡಿದು ಅವನು ಅಕ್ಕನ ಮನೆಗೆ ಓಡಿದ. "ರಕ್ತದಲ್ಲಿ ಏನೂ ಇಲ್ಲ ಕಣಕ್ಕ. ಏನೋ ಗ್ರಹಚಾರ, ಆಗಿಹೋಯ್ತು. ಧೈರ್ಯವಾಗಿ ಇನ್ನೊಂದು ಮಗು ಮಾಡ್ಕೊಳ್ಳಿ." ಎರಡು ವರ್ಷದಿಂದ ಹೆದರಿ ಕೂತಿದ್ದ ಅಕ್ಕ "ನಿಜ ಹೇಳ್ತಿದೀಯೇನೋ?" ಎಂದು ಮೂರು ಸಲ ಕೇಳಿದಳು. ಮೂರು ಸಲವೂ ಅವನು ಆಣೆ ಇಟ್ಟ.

ಅಕ್ಕನಿಗೆ ಏಳು ತಿಂಗಳು ತುಂಬಿದ ವಾರ ಬೇರೊಂದು ಲ್ಯಾಬಿನಿಂದ ಫೋನ್ ಬಂತು. ಯಾರದೋ ಮಾದರಿಯಲ್ಲಿ ತಮಗೆ ದೋಷ ಸಿಕ್ಕಿದೆ, ನಿಮ್ಮಲ್ಲಿ ಇಲ್ಲ ಎಂದು ಬಂದಿದೆ, ಏನು ಕಥೆ? "ನಮ್ಮದರಲ್ಲಿ ತಪ್ಪಾಗೋ ಮಾತೇ ಇಲ್ಲ" ಎಂದು ಜಂಬ ಕೊಚ್ಚಿಕೊಳ್ಳುತ್ತಲೇ ಅವನು ಸರ್ವರ್ ತಾನೇ ಬರೆದಿಡುವ ದಿನಚರಿ ತೆರೆದ. 'ಸಮಯ ಮೀರಿತು, ನಿಲ್ಲಿಸಲಾಗಿದೆ.' ಅಂಥ ಸಾಲುಗಳು ಒಟ್ಟು ಅರವತ್ಮೂರು. ನಲವತ್ತನೆಯದರ ಮುಂದೆ ಅಕ್ಕನ ಮಗುವಿನ ನಂಬರು.

ಮಿತಿಯ ಸಾಲನ್ನು ಅಳಿಸಿ ಆ ಮಾದರಿಯನ್ನು ಮತ್ತೆ ಹಾಕಿದ. ಹುಟ್ಟಿದಾಗಿನಿಂದ ಒಂದು ಕಡೆ ನೆಟ್ಟಗೆ ಕೂರದ ಪ್ರಾಣಿ, ಇಪ್ಪತ್ತೇಳು ನಿಮಿಷ ಕುರ್ಚಿ ಬಿಟ್ಟು ಅಲ್ಲಾಡಲಿಲ್ಲ. ಖಾಲಿಯೇ ಬರಲಿ, ದೇವರೇ, ಈ ಸಲವೂ ಖಾಲಿಯೇ ಬರಲಿ ಎಂದು ಬೇಡಿಕೊಂಡ. ದೋಷದ ಹೆಸರಿದ್ದ ಒಂದು ಸಾಲು ಬಂತು.

ಮೇಡಂ ಓದಿ ಕನ್ನಡಕ ತೆಗೆದಿಟ್ಟರು. "ಇದು ತಂದೆ ತಾಯಿ ಇಬ್ಬರಿಂದಲೂ ಬರೋದು. ಹೊಟ್ಟೇಲಿರೋ ಮಗುವಿಗೂ ಬಂದಿರೋ ಸಾಧ್ಯತೆ ನಾಲ್ಕರಲ್ಲೊಂದು. ಈಗ ಪರೀಕ್ಷೆ ಮಾಡಿದ್ರೆ ಗೊತ್ತಾಗುತ್ತೆ, ಅಷ್ಟೇ. ಔಷಧಿ ಇಲ್ಲ." ಕನ್ನಡಕ ಮತ್ತೆ ಹಾಕಿಕೊಂಡು ಹೇಳಿದರು, "ಅರವತ್ಮೂರು ಮನೆಗೂ ಪತ್ರ ಹೋಗ್ಬೇಕು."

"ಒಂದು ಮನೆಗೆ ನಾನೇ ಹೋಗ್ತೀನಿ ಮೇಡಂ" ಎಂದ.

ಅಕ್ಕ ಬಾಗಿಲು ತೆಗೆದು ನಕ್ಕಳು. "ಏನೋ ಗಡಿಬಿಡಿ, ಈ ಹೊತ್ತಲ್ಲಿ? ಕೆಲಸದಿಂದ ಓಡಿಸಿಬಿಟ್ರಾ?" ಅವಳ ಕೈಯಲ್ಲಿ ಸೂಜಿ ದಾರ ಇತ್ತು. ಮೊದಲ ಮಗುವಿನ ಫ್ರಾಕಿಗೆ ಬಿಟ್ಟುಹೋದ ಗುಂಡಿ ಹೊಲಿಯುತ್ತಿದ್ದಳು.

ನಿಂತೇ ಎಲ್ಲವನ್ನೂ ಹೇಳಿದ. ಹತ್ತು ನಿಮಿಷದ ಸಾಲು, ಖಾಲಿ ಫೈಲು, ನಾಲ್ಕರಲ್ಲೊಂದು. ಒಂದನ್ನೂ ಮುಚ್ಚಿಡಲಿಲ್ಲ.

ಅಕ್ಕ ಕೂತು ಫ್ರಾಕನ್ನು ಮಡಿಲಲ್ಲಿಟ್ಟುಕೊಂಡು ಸೂಜಿಯನ್ನು ಅದರ ಅಂಚಿಗೆ ಚುಚ್ಚಿಟ್ಟಳು. ಆಮೇಲೆ ಕೇಳಿದಳು, "ಹುಡುಕೋಕೆ ಎಷ್ಟು ಹೊತ್ತು ಬೇಕಾಯ್ತು ಅಂದೆ?"

"ಇಪ್ಪತ್ತೇಳು ನಿಮಿಷ."

"ನೀನು ಕೊಟ್ಟಿದ್ದು?"

"ಹತ್ತು."

"ಇನ್ನು ಹದಿನೇಳು ನಿಮಿಷ ಕಾಯೋಕಾಗ್ಲಿಲ್ವೇನೋ ನಿಂಗೆ?"

ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಕಣ್ಣು ತುಂಬಿಕೊಂಡು ಬಾಗಿಲ ಕಡೆ ತಿರುಗಿದ.

"ಎಲ್ಲಿಗೆ ಹೊರಟೆ? ಕೂತ್ಕೋ" ಎಂದಳು ಅಕ್ಕ. ಅವಳ ಒಂದು ಕೈ ಹೊಟ್ಟೆಯ ಮೇಲಿತ್ತು. "ನಿಮ್ಮ ಭಾವ ಬರ್ಲಿ. ಅವರಿಗೂ ನೀನೇ ಹೇಳು. ನನ್ನ ಕೈಲಾಗಲ್ಲ."

ಭಾವ ಬರುವುದು ಆರು ಗಂಟೆಗೆ. ಗೋಡೆಯ ಗಡಿಯಾರದಲ್ಲಿ ಎರಡೂವರೆ ಆಗಿತ್ತು. ಅವನು ಅಕ್ಕನ ಎದುರಿಗೆ ಕೂತ.