ಖಾಲಿ ಸೀಟಿನ ಮೇಲೆ ಟವೆಲ್

ಅವ್ವನ ಕಣ್ಣಿನ ಆಪರೇಷನ್ನು ಮಧ್ಯಾಹ್ನಕ್ಕೆ, ಕಲಬುರ್ಗಿಯಲ್ಲಿ. ನಾನು ಬೆಳಿಗ್ಗೆ ಶಹಾಬಾದಿನ ನನ್ನ ಮನೆಯಿಂದ ಹೊರಟದ್ದು ಸೇಡಂ ಕಡೆಗೆ, ಅಂದರೆ ಸರಿಯಾಗಿ ಉಲ್ಟಾ ದಿಕ್ಕಿಗೆ. ಆ ದಿನಕ್ಕೆ ರಜೆ ಮಂಜೂರಾಗಿತ್ತು. ಆದರೆ ರಜೆಯ ದಿನವೇ ಆಫೀಸಿನ ಫೋನು ಬರುವುದು ನನ್ನ ಹಣೆಬರಹ. ಅದಕ್ಕೆ ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣವೂ ಈಗೀಗ ನನ್ನಲ್ಲಿಲ್ಲ.

"ನೀ ಬರಬ್ಯಾಡ ಬಿಡು," ಎಂದು ಅವ್ವ ತನ್ನೂರು ಚಿಮ್ಮನಚೋಡದಲ್ಲಿ ಬಸ್ಸು ಹತ್ತುವಾಗಲೇ ಫೋನಿನಲ್ಲಿ ಹೇಳಿದ್ದಳು. "ಬಾಜೂ ಮನಿ ಅಕ್ಕ ನನ್ನ ಸಂಗಾಟ ಬರ್ಲಿಕತ್ತಾಳ. ನಂಗೇನು ಅಂಜಿಕಿಲ್ಲ."

ಅವಳ ಒಂದು ಕಣ್ಣು ಮೊದಲೇ ಹೋಗಿದೆ. ಉಳಿದದ್ದು ಇದೊಂದೇ. ಅಂಜಿಕೆಯಿಲ್ಲ ಎನ್ನುವ ಮಾತನ್ನು ನಾನು ನಂಬಲಿಲ್ಲ. ನಂಬದೆಯೂ ರೈಲು ಹತ್ತಿದೆ.

ನನ್ನದು ತೊಗರಿ ಗೋದಾಮುಗಳ ಕಂಪನಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ, ಇಷ್ಟೂ ಕಡೆ ಗೋದಾಮು, ಇಷ್ಟೂ ಕಡೆ ಗಾಡಿ ತೂಗುವ ಕಾಟಾ. ಆದರೆ ಕೆಲಸವೆಲ್ಲ ನಡೆಯುವುದು ವಾಡಿಯ ಒಂದು ಕೋಣೆಯಲ್ಲಿರುವ ಒಂದೇ ದೊಡ್ಡ ಯಂತ್ರದಲ್ಲಿ. ಅದರ ಹೊಟ್ಟೆಯೊಳಗೆ ಊರಿಗೊಂದರಂತೆ ನಾಲ್ಕು ವರ್ಚುವಲ್ ಯಂತ್ರಗಳು. ಪ್ರತಿಯೊಂದೂ ತಾನೇ ಸ್ವತಂತ್ರ ಕಂಪ್ಯೂಟರ್ ಎಂದು ತಿಳಿದುಕೊಂಡಿರುತ್ತದೆ. ಮೆಮರಿ ಮಾತ್ರ ಎಲ್ಲರಿಗೂ ಸೇರಿ ಒಂದೇ, ಬಾಡಿಗೆ ವಠಾರದ ನೀರಿನ ಟಾಕಿಯ ಹಾಗೆ.

ಆ ಮೆಮರಿಯನ್ನು ಪುಟಗಳೆಂಬ ಸಣ್ಣ ತುಂಡುಗಳಾಗಿ ಹಂಚಿರುತ್ತಾರೆ. ಸೇಡಂ ಯಂತ್ರ ಒಂದಿಷ್ಟು ಪುಟ ಬಳಸಿತು, ಕೆಲಸ ಮುಗಿಸಿ ಖಾಲಿ ಮಾಡಿತು ಅನ್ನಿ. ಖಾಲಿಯಾದದ್ದು ಅದಕ್ಕೊಂದಕ್ಕೇ ಗೊತ್ತು. ಅದು ಬಾಯಿಬಿಟ್ಟು ಹೇಳದಿದ್ದರೆ ಹೊರಗಿನ ದೊಡ್ಡ ಯಂತ್ರ ಪುಟಗಳೆಲ್ಲ ಇನ್ನೂ ಬಳಕೆಯಲ್ಲಿವೆ ಎಂದೇ ತಿಳಿದು ಕೂತಿರುತ್ತದೆ. ಆ ಕಡೆ ಚಿಂಚೋಳಿ ಯಂತ್ರ ಜಾಗ ಸಾಲದೆ ಏದುಸಿರು ಬಿಡುತ್ತಿರುತ್ತದೆ. ಅದಕ್ಕೇ ನಾನು ವಾರಗಟ್ಟಲೆ ಕೂತು, ಖಾಲಿ ಪುಟಗಳನ್ನು ಆಗಾಗ ವರದಿ ಮಾಡುವ ಏರ್ಪಾಟನ್ನು ಎಲ್ಲ ಯಂತ್ರಗಳಲ್ಲೂ ಚಾಲೂ ಮಾಡಿದ್ದೆ. ಖಾಲಿ ಇದ್ದದ್ದನ್ನು ಹೇಳಬೇಕು, ದೊಡ್ಡ ಯಂತ್ರ ಅದನ್ನು ತೆಗೆದು ಬೇಕಾದವರಿಗೆ ಕೊಡುತ್ತದೆ, ಮತ್ತೆ ಬೇಕೆಂದಾಗ ಮತ್ತೆ ಸಿಗುತ್ತದೆ. ಉಳಿದ ಊರುಗಳು ಮಾತು ಕೇಳಿದವು. ಸೇಡಂ ಮಾತ್ರ ಒಂದು ಪುಟವನ್ನೂ ಬಿಡಲಿಲ್ಲ.

ತೊಗರಿ ಸುಗ್ಗಿ ಬೇರೆ. ಚಿಂಚೋಳಿಯಲ್ಲಿ ಟ್ರ್ಯಾಕ್ಟರು ಕಾಟಾ ಹತ್ತಿದರೆ ತೂಕದ ಚೀಟಿ ಬರುವಷ್ಟರಲ್ಲಿ ರೈತರು ಚಾ ಕುಡಿದು ಬಂದು ಬೈಯಲು ಶುರು ಮಾಡುತ್ತಿದ್ದರು. ಅಲ್ಲಿಯವರು ಸಾಹೇಬರಿಗೆ ಬೈದರು, ಸಾಹೇಬರು ನನಗೆ ಬೈದರು. ನಾನು ಯಾರಿಗೆ ಬೈಯಲಿ? ವಾಡಿಯಲ್ಲಿ ಕೂತು ನೋಡಿದರೆ, ಸೇಡಂ ಯಂತ್ರದಲ್ಲಿ ಒಂದು ಸಣ್ಣ ಪ್ರೋಗ್ರಾಂ ಮೆಮರಿಯನ್ನೆಲ್ಲ ಅಪ್ಪಿಕೊಂಡು ಕೂತಿದೆ. ಕೆಲಸವೇನೂ ಮಾಡುತ್ತಿಲ್ಲ, ಸುಮ್ಮನೆ ಕೂತಿದೆ. ನಿಲ್ಲಿಸಿದೆ. ಮತ್ತೆ ಎದ್ದಿತು. ಮತ್ತೆ ನಿಲ್ಲಿಸಿದೆ, ಮತ್ತೆ ಎದ್ದಿತು. ಯಾರೋ ಅಲ್ಲಿ ಹಠಕ್ಕೆ ಬಿದ್ದು ಚಾಲೂ ಮಾಡುತ್ತಿದ್ದರು. ಫೋನು ಮಾಡಿದರೆ ಎತ್ತಲಿಲ್ಲ. ಕೊನೆಗೆ, "ನೀವೇ ಹೋಗಿ ಬರ್ರಿ," ಎಂದರು ಸಾಹೇಬರು, ನನ್ನ ರಜೆಯ ದಿನ ಬೆಳಿಗ್ಗೆ.

ಸೇಡಂ ಗೋದಾಮಿನ ಆಪರೇಟರ್ ನಿವೃತ್ತಿಗೆ ಬಂದ ಹಿರಿಯರು. ನನ್ನನ್ನು ನೋಡಿ ಗಾಬರಿಯೇನೂ ಆಗಲಿಲ್ಲ.

"ಬರ್ರಿ ಮೇಡಂ, ಕುಂದ್ರಿ. ಚಾ ತರಿಸ್ಲಿ?"

"ಚಾ ಬ್ಯಾಡ್ರಿ. ಕಲಬುರ್ಗ್ಯಾಗ ನಮ್ಮವ್ವನ ಕಣ್ಣಿನ ಆಪರೇಷನ್ ಅದ, ಲಗೂನ ಹೋಗ್ಬೇಕು. ಆ ಪ್ರೋಗ್ರಾಂ ಏನ್ರಿ ಅದು?"

"ಅದಾ? ಟವೆಲ್ ಹಾಕೀನ್ರಿ," ಎಂದರು, ನಾಚಿಕೆಯಿಲ್ಲದೆ.

ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮ ಕಡೆ ಬಸ್ಸು ಸ್ಟ್ಯಾಂಡಿಗೆ ಬಂದು ನಿಲ್ಲುವ ಮೊದಲೇ ಓಡಿಹೋಗಿ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಒಗೆಯುತ್ತೇವೆ. ಒಗೆದವರದೇ ಸೀಟು. ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಗರ್ದಿಯಿದ್ದರೂ ಟವೆಲಿನ ಮೇಲೆ ಯಾರೂ ಕೂಡುವುದಿಲ್ಲ. ಕಾಳಗಿ ಬಸ್ಸಿಗೆ ನಾನೇ ಎಷ್ಟು ಸಲ ದುಪಟ್ಟಾ ಒಗೆದಿಲ್ಲ! ಆದರೆ ಮೆಮರಿಗೆ ಟವೆಲ್ ಹಾಕಿದವರನ್ನು ಅವತ್ತೇ ನೋಡಿದ್ದು.

"ಹೋದ ಸುಗ್ಗ್ಯಾಗ ಏನಾತು ಕೇಳ್ರಿ," ಎಂದರು. "ಸಾಹೇಬ್ರು ಗ್ರಾಫ್ ನೋಡಿ, ಸೇಡಂದಾಗ ಖಾಲಿ ಅದ ಅಂತ ಅರ್ಧಾ ಮೆಮರಿ ಕಡದು ಹಾಕಿದ್ರು. ಗರ್ದಿ ದಿನ ಮಷೀನ್ ನಿಂತೇ ಬಿಡ್ತು. ಮಂದಿ ಕಾಲರ್ ಹಿಡದಿದ್ದು ನಂದು, ಸಾಹೇಬ್ರದಲ್ಲ. ಅವತ್ತಿನಿಂದ ನನ್ನ ಮಷೀನ್ ಪೂರಾ ಭರ್ತಿ."

"ಈಗ ಹಂಗ ಕಡಿಯಂಗಿಲ್ರಿ. ನಿಮ್ಮ ಪಾಲು ನಿಮ್ಮದೇ ಇರ್ತದ. ಖಾಲಿ ಇದ್ದಾಗ ಮಂದಿಗಿ, ಬೇಕಾದಾಗ ನಿಮಗ."

"ಎಲ್ಲಾ ಊರವ್ರು ಒಮ್ಮಿಗೇ ಕೇಳಿದ್ರ?"

ಯಪ್ಪಾ! ಅದೇ ಭಯ ನನಗೂ ಇತ್ತು. "ಆಗ ನಂಗ ಫೋನ್ ಬರ್ತದ್ರಿ, ಮತ್ತೇನು," ಎಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ತಾವೇ ಕೀಲಿಮಣೆ ಎಳೆದುಕೊಂಡು ಪ್ರೋಗ್ರಾಂ ಬಂದ್ ಮಾಡಿದರು. ಸ್ವಲ್ಪ ಹೊತ್ತಿಗೆ ಸೇಡಂ ತನ್ನ ಖಾಲಿ ಪುಟಗಳನ್ನು ಒಂದೊಂದೇ ಕಂತೆಯಾಗಿ ಒಪ್ಪಿಸತೊಡಗಿತು. ಚಿಂಚೋಳಿಯಿಂದ ಫೋನು ಬಂತು, ಚೀಟಿ ಫಟಾಫಟ್ ಬರುತ್ತಿವೆ ಎಂದು.

ಖುಷಿಯಾಗಬೇಕಿತ್ತು. ಆಗಲಿಲ್ಲ, ಸುಸ್ತಾಗಿತ್ತು. ಈ ಕೆಲಸಕ್ಕೆ ಮೊದಲು ಇಬ್ಬರಿದ್ದೆವು. ಇನ್ನೊಬ್ಬಾತ ಬಿಟ್ಟು ಹೋದಾಗ ಸಾಹೇಬರು, "ನೀವು ಫ್ರೀ ಇದ್ದೀರೇನ್ರಿ?" ಎಂದು ಕೇಳಿದ್ದರು. ಅವತ್ತು ಕೈಯಲ್ಲಿ ಕೆಲಸವಿರಲಿಲ್ಲ, ಹೌದು ಎಂದೆ. ಆ ಒಂದು ಹೌದಿನಿಂದ ಅವನ ಪಾಲಿನದೆಲ್ಲ ನನ್ನ ತಲೆಗೆ ಬಂದು, ಇಲ್ಲೇ ಉಳಿದಿದೆ.

ಬ್ಯಾಗು ಹೆಗಲಿಗೇರಿಸುವಾಗ ಸಾಹೇಬರದೇ ಫೋನು.

"ಮುಗೀತಲ್ರಿ? ಫ್ರೀ ಇದ್ರ ಹಂಗೇ ಚಿತ್ತಾಪುರಕ್ಕ ಒಂದು ರೌಂಡ್ ಹೋಗಿ ಬರ್ರಿ. ದಾರ್ಯಾಗೇ ಅದ."

ರಜೆಯ ಮಾತನ್ನು ನೆನಪಿಸಬಹುದಿತ್ತು. ನೆನಪಿಸಿದರೆ, "ಒಂದು ತಾಸಿನ ಕೆಲಸ್ರಿ," ಎನ್ನುತ್ತಾರೆ. ಅಷ್ಟರಲ್ಲಿ ಅವ್ವ ಒಬ್ಬಳೇ ಒಳಗೆ ಹೋಗಿರುತ್ತಾಳೆ.

"ಇಲ್ರಿ ಸಾಹೇಬ್ರ," ಎಂದೆ. "ಇಲ್ಲೇ ಇನ್ನ ಭಾಳ ಅದ. ಸಂಜಿ ತನಕ ಪೂರಾ ಭರ್ತಿ ಇದ್ದೀನಿ."

ಫೋನಿಟ್ಟಾಗ ಹಿರಿಯರು ನನ್ನನ್ನೇ ನೋಡುತ್ತಿದ್ದರು. "ಕಲಬುರ್ಗಿ ಬಸ್ಸಿನ್ನ ಸ್ಟ್ಯಾಂಡಿನ್ಯಾಗೇ ಇರ್ಬೇಕು, ಲಗೂನ ಹೋಗ್ರಿ," ಎಂದರು.

ಆಸ್ಪತ್ರೆಯ ವರಾಂಡದಲ್ಲಿ ಜನ ಗೋಡೆಗೆ ಒರಗಿ ನಿಂತಿದ್ದರು, ಕೆಲವರು ನೆಲದ ಮೇಲೆ ಕೂತಿದ್ದರು. ಬಾಜೂ ಮನೆಯ ಅಕ್ಕನೂ ನಿಂತೇ ಇದ್ದಳು. ಅವ್ವ ಹಸಿರು ಟೊಪ್ಪಿಗೆ ಹಾಕಿಕೊಂಡು, ಔಷಧಿ ಬಿಟ್ಟ ಕಣ್ಣು ಮುಚ್ಚಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ಅವಳ ಪಕ್ಕದ ಕುರ್ಚಿ ಖಾಲಿ. ಅದರ ಮೇಲೆ ಮನೆಯ ಹಳೇ ಟವೆಲ್ಲು ನೀಟಾಗಿ ಹಾಸಿತ್ತು.

"ನಂಗೂ ಕುಂದ್ರಗೊಡವಲ್ಲಳು ನಿಮ್ಮವ್ವ," ಎಂದಳು ಅಕ್ಕ. "ಮುಂಜಾನಿಂದ ಯಾರು ಬಂದ್ರೂ, ನನ್ನ ಮಗಳು ಬರ್ಲಿಕತ್ತಾಳ ಅಂತಾಳ."

ಟವೆಲ್ಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತೆ. ಅಳು ಬಂದುಬಿಟ್ಟಿತು. ಅವ್ವ ಕಣ್ಣು ತೆರೆಯದೆ ನನ್ನ ಕೈ ತಡಕಿ ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಅಂಗೈ ತಣ್ಣಗಾಗಿ ಬೆವೆತಿತ್ತು.

"ಬರಬ್ಯಾಡ ಅಂದಿದ್ನಲ್ಲ," ಎಂದಳು.