ತೊಳೆಯದೆ ಕಟ್ಟಿದ ಪಾದ

ಅಕ್ಕು, ನಿಮ್ಮ ಗಂಡ ಕೊರಗಪ್ಪನ ಕಾಲು ಹೋದದ್ದು ನೀವು ಹಚ್ಚಿದ ಎಣ್ಣೆಯಿಂದ ಅಲ್ಲ. ಶಸ್ತ್ರಕ್ರಿಯೆಗೆ ಮೊದಲು ಆ ಪಾದವನ್ನು ತೊಳೆಯಬೇಕಾಗಿದ್ದವನು ನಾನು. ತೊಳೆಯಲಿಲ್ಲ. ತೊಳೆದೆನೆಂದು ಹೇಳಿದೆ. ಇಷ್ಟನ್ನು ಹೇಳಲು ಹದಿನಾಲ್ಕು ವರ್ಷ ಬೇಕಾಯಿತು.

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಕ್ರಮ ತಪ್ಪಿದರೆ ನಾನು ಎಲ್ಲಾದರೂ ನುಣುಚಿಕೊಂಡೇನು ಎಂಬ ಭಯ ನನಗಿದೆ.

ಆಗ ನಾನು ಅತ್ತಾವರದ ಒಂದು ಸಣ್ಣ ಆಸ್ಪತ್ರೆಯಲ್ಲಿ ಡ್ರೆಸ್ಸರ್ — ಗಾಯ ತೊಳೆದು ಬಟ್ಟೆ ಕಟ್ಟುವವನು. ಕೊರಗಪ್ಪ ದೇರೆಬೈಲಿನಲ್ಲಿ ಮರ ಹತ್ತಿ ಕಳ್ಳು ಇಳಿಸುತ್ತಿದ್ದ. ಅವನ ಕಾಲಿನ ಹರಡು, ಪಾದದ ಮೇಲಿನ ಗಂಟು, ಮುರಿದು, ನಾಟಿ ವೈದ್ಯರ ಬಿದಿರ ಪಟ್ಟಿಯೊಳಗೆ ಓರೆಯಾಗಿ ಕೂಡಿಕೊಂಡಿತ್ತು. ಪಾದ ಒಳಕ್ಕೆ ತಿರುಗಿತ್ತು. ಎಲುಬನ್ನು ಮತ್ತೆ ಮುರಿದು ನೇರವಾಗಿ ಕೂಡಿಸಿದರೆ ಮತ್ತೆ ಮರ ಹತ್ತಬಹುದು ಎಂದು ನಮ್ಮ ದೊಡ್ಡ ಡಾಕ್ಟರು ಹೇಳಿದ್ದರು. ಆ ಒಂದು ಮಾತಿಗಾಗಿ ನೀವಿಬ್ಬರೂ ಆಸ್ಪತ್ರೆಗೆ ಬಂದಿರಿ.

"ಮರದಿಂದ ಬಿದ್ದೆಯಾ?" ಎಂದು ಕೇಳಿದೆ.

"ಮರದಿಂದ ಬಿದ್ದಿದ್ರೆ ಹೇಳ್ಲಿಕ್ಕೆ ಒಂದು ಮರ್ಯಾದೆ ಇತ್ತು, ಪೊರ್ಬುಗಳೇ," ಎಂದ. ಕ್ರೈಸ್ತರಾದ ನಮ್ಮನ್ನು ನಿಮ್ಮವರು ಕರೆಯುವುದು ಹಾಗೆ. "ಬಾವಿಕಟ್ಟೆಯಲ್ಲಿ ಜಾರಿದ್ದು. ಯಾರಿಗೂ ಹೇಳ್ಬೇಡಿ ಮಾರಾಯ್ರೆ."

"ಊರಿಗೆಲ್ಲ ಗೊತ್ತುಂಟು," ಎಂದಿರಿ ನೀವು ಬಾಗಿಲ ಬಳಿಯಿಂದ. "ಇವರೊಬ್ಬರಿಗೆ ಗೊತ್ತಿರ್ಲಿಲ್ಲ, ಈಗ ಅದೂ ಆಯ್ತು."

ಮೂವರೂ ನಕ್ಕೆವು.

ಪಾದದ ಶಸ್ತ್ರಕ್ರಿಯೆಗೆ ಎರಡು ದಿನದ ತಯಾರಿ ಬೇಕು. ಬಿಸಿನೀರಿನಲ್ಲಿ ನೆನೆಸಿ, ಸಾಬೂನು ಹಾಕಿ, ಬ್ರಶ್ಶಿನಿಂದ ಉಜ್ಜಬೇಕು. ಉಗುರು ಕತ್ತರಿಸಿ, ಬೆರಳುಗಳ ಸಂದನ್ನು ಒಂದೊಂದಾಗಿ ಬಿಡಿಸಿ ತೊಳೆಯಬೇಕು. ಅಂಗಾಲಿನ ದಪ್ಪ ಚರ್ಮ ಮೆದುವಾದ ಮೇಲೆ ಕೆರೆದು ತೆಗೆದು, ಸ್ಪಿರಿಟ್ ಹಚ್ಚಿ, ಕುದಿಸಿ ಒಣಗಿಸಿದ ಬಟ್ಟೆ ಸುತ್ತಬೇಕು. ಮರುದಿನ ಬಿಚ್ಚಿ ಎಲ್ಲವನ್ನೂ ಇನ್ನೊಮ್ಮೆ. ಈ ಕೆಲಸ ನನ್ನದು, ನನ್ನೊಬ್ಬನದು.

ಸೋಮವಾರ ಆ ಪಾದವನ್ನು ಬೋಗುಣಿಯಲ್ಲಿ ಇಟ್ಟುಕೊಂಡೆ. ಹಿಮ್ಮಡಿ ಒಣಗಿದ ಗದ್ದೆಯ ಹಾಗೆ ಬಿರಿದಿತ್ತು, ಬಿರುಕಿನೊಳಗೆ ಕರಿ ಅಂಟು. ಮರ ಹತ್ತುವಾಗ ಪಾದಗಳಿಗೆ ಹಾಕುವ ಹಗ್ಗದ ಬಳೆ ಉಜ್ಜಿ ಉಜ್ಜಿ ಹರಡಿನ ಸುತ್ತ ಚರ್ಮ ಗಟ್ಟಿ ತೊಗಲಾಗಿತ್ತು. ಕೊನೆಯ ಎರಡು ಬೆರಳುಗಳನ್ನು ಬಿಡಿಸಿದೆ — ಒಳಗೆ ಬೆಳ್ಳಗೆ ಕೊಳೆತ ಚರ್ಮ, ಅಂಟಂಟು, ಹುಳಿ ನಾತ. ಬೆರಳು ಬಿಟ್ಟುಬಿಟ್ಟೆ.

ಇದಕ್ಕಿಂತ ಕೆಟ್ಟ ಗಾಯಗಳನ್ನು ನಾನು ಮುಟ್ಟಿದ್ದೆ. ಆದರೆ ಅವು ಗಾಯಗಳು. ಇದು ಪಾದ — ಕಳ್ಳಿನವನ ಪಾದ. ನಮ್ಮ ಮನೆಯಲ್ಲಿ ಜಾತಿ ಎಂಬ ಮಾತನ್ನೇ ಆಡುತ್ತಿರಲಿಲ್ಲ. ಕಳ್ಳು ತರುವವರಿಗೆ ನೀರು ಕೊಡುವ ಚೊಂಬು ಮಾತ್ರ ಹೊರಗೆ ಬೇರೆಯೇ ಇತ್ತು. ಆ ಪಾದದ ಮುಂದೆ ಮಂಡಿಯೂರಿ ಕುಳಿತು ಉಜ್ಜುವುದು ನನ್ನಿಂದ —

ನೀವು ನನ್ನ ಮುಖ ನೋಡಿದಿರಿ. "ಕೊಡಿ ಪೊರ್ಬುಗಳೇ, ನಾನು ಉಜ್ಜುತ್ತೇನೆ. ನಿಮಗೆ ಹೇಸಿಗೆ ಆಗ್ತದೆ," ಎಂದಿರಿ.

ನನಗೆ ಸಿಟ್ಟು ಬಂತು. ಹೇಸಿಗೆಯನ್ನು ನೀವು ಕಂಡುಹಿಡಿದಿರಲ್ಲ ಎಂಬ ಸಿಟ್ಟು. "ಇದು ಆಸ್ಪತ್ರೆ. ನೀವು ಮುಟ್ಟಬಾರದು. ಹೊರಗೆ ಹೋಗಿ," ಎಂದೆ.

ಆಮೇಲೆ ಮೇಲಿಂದ ನೀರು ಹೊಯ್ದೆ. ಸ್ಪಿರಿಟ್ಟಿನ ಹತ್ತಿಯನ್ನು ಇಕ್ಕಳದಲ್ಲಿ ಹಿಡಿದು ಮೇಲೆಮೇಲೆ ಸವರಿದೆ. ಬಿಳಿ ಬಟ್ಟೆ ಸುತ್ತಿದೆ. ಬಹಳ ಚಂದ ಸುತ್ತಿದೆ. ಮಂಗಳವಾರ ಬಿಚ್ಚಲೂ ಇಲ್ಲ. ಹೊರಗಿನ ಸುತ್ತನ್ನು ಮಾತ್ರ ಬದಲಾಯಿಸಿದೆ. ಅವತ್ತು ಬ್ರಶ್ಶು ಒದ್ದೆಯಾಗಲೇ ಇಲ್ಲ.

ಬುಧವಾರ ಡಾಕ್ಟರು ಚಾಕು ಹಿಡಿಯುವ ಮೊದಲು ಕೇಳಿದರು: "ಎರಡೂ ದಿನ ಸರಿಯಾಗಿ ತೊಳೆದಿರಾ?"

"ಹೌದು, ಡಾಕ್ಟರೇ."

ಅದಾಗಲೇ ನಾನು ಪಾದಕ್ಕೆಲ್ಲ ಅಯೋಡಿನ್ ಬಳಿದಿದ್ದೆ. ಆ ಕಂದು ಬಣ್ಣದ ಅಡಿಯಲ್ಲಿ ಕೊಳೆ ಯಾವುದು, ಚರ್ಮ ಯಾವುದು ಯಾರಿಗೂ ಕಾಣುವುದಿಲ್ಲ. ಎಲುಬು ನೇರವಾಗಿ ಕೂತಿತು. ಮೊಣಕಾಲಿನ ಕೆಳಗೆ ಒಂದು ಗೇಣು ಬಿಟ್ಟು ಪ್ಲಾಸ್ಟರ್ ಹಾಕಿದೆವು.

ಅದು ನಮ್ಮ ಪವಿತ್ರ ವಾರ. ನಮ್ಮ ಸ್ವಾಮಿ ತನ್ನ ಶಿಷ್ಯರ ಪಾದ ತೊಳೆದ ನೆನಪಿಗೆ ಗುರುವಾರ ಸಂಜೆ ಇಗರ್ಜಿಯಲ್ಲಿ ಪಾದ್ರಿಗಳು ಹನ್ನೆರಡು ಗಂಡಸರ ಪಾದ ತೊಳೆಯುವ ಕ್ರಮವುಂಟು. ಆ ವರ್ಷ ಹನ್ನೆರಡರಲ್ಲಿ ನಾನೂ ಒಬ್ಬ. ಹನ್ನೆರಡು ಜನರೂ ಮನೆಯಲ್ಲೇ ಕಾಲು ಉಜ್ಜಿ ತೊಳೆದುಕೊಂಡು ಹೋಗುತ್ತಾರೆ. ಪಾದ್ರಿಗಳ ಕೈಗೆ ಕೊಳೆ ತಾಗಬಾರದಲ್ಲ. ನಾನು ಮೂರು ಸಲ ತೊಳೆದುಕೊಂಡೆ. ಬೆರಳುಗಳ ಸಂದುಗಳನ್ನೂ. ತಣ್ಣನೆಯ ನೀರು ನನ್ನ ಪಾದದ ಮೇಲೆ ಬಿದ್ದಾಗ ಜನರೆಲ್ಲ ನೋಡುತ್ತಿದ್ದಾರೆಂದು ಸಂತೋಷವಾಯಿತು. ಕೊರಗಪ್ಪನ ನೆನಪು ಒಂದು ಕ್ಷಣವೂ ಬರಲಿಲ್ಲ.

ಶನಿವಾರ ಅವನಿಗೆ ಜ್ವರ ಏರಿತು. ಭಾನುವಾರ ವಾರ್ಡಿನ ಬಾಗಿಲಲ್ಲೇ ನಾತ ಹಿಡಿಯಿತು. ಪ್ಲಾಸ್ಟರನ್ನು ನಾನೇ ಕತ್ತರಿಸಿದೆ. ಒಳಗೆ ಹಸಿರು ಹಳದಿ ಕೀವು, ಹೊಲಿಗೆ ಬಾಯಿಬಿಟ್ಟಿತ್ತು, ಬೆರಳುಗಳ ಸಂದಿನಿಂದ ಹರಡಿನವರೆಗೆ ಚರ್ಮ ಕಪ್ಪಗೆ ಜಾರುತ್ತಿತ್ತು. ಪೆನಿಸಿಲಿನ್ ಎಂಬ ಹೆಸರನ್ನೇ ನಾವು ಕೇಳಿರದ ಕಾಲ.

"ಯಾರಾದರೂ ಎಂತಾದರೂ ಹಚ್ಚಿದ್ದೀರಾ?" ಎಂದು ಡಾಕ್ಟರು ಗುಡುಗಿದರು.

ನೀವು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಮೊಣಕಾಲಿನ ಗಂಟಿಗೆ ಒಂಚೂರು ಎಣ್ಣೆ, ಡಾಕ್ಟರೇ. ದೈವದ ದೀಪದ್ದು. ಕೆಳಗೆ ಕಟ್ಟಿದ್ದನ್ನು ಮುಟ್ಟಲಿಲ್ಲ."

"ನಿನ್ನ ಎಣ್ಣೆಯೇ ಇವನ ಕಾಲು ತಿಂದದ್ದು!" ಎಂದವರು ನನ್ನ ಕಡೆ ತಿರುಗಿ, "ನೀವು ನೋಡಲಿಲ್ಲವಾ?" ಎಂದರು.

"ನೋಡಿದ್ದರೆ ಬಿಡುತ್ತಿದ್ದೆನೇ?" ಎಂದೆ.

ಮೌನವಾಗಿದ್ದರೂ ಸಾಕಿತ್ತು. ನಾನು ಮೌನವಾಗಿಯೂ ಇರಲಿಲ್ಲ.

ಮರುದಿನ ಮೊಣಕಾಲಿನ ಕೆಳಗೆ ಕತ್ತರಿಸಿದರು. ಉಳಿದ ಮೋಟುಗಾಲನ್ನು ಗಾಯ ಒಣಗುವವರೆಗೆ ದಿನವೂ ತೊಳೆದು ಕಟ್ಟಿದೆ — ಈಗ ಒಂದು ಎಳೆಯೂ ತಪ್ಪದಂತೆ, ಮಂಡಿಯೂರಿ. "ಪೊರ್ಬುಗಳ ಕೈ ಹತ್ತಿಯ ಹಾಗೆ," ಎನ್ನುತ್ತಿದ್ದ ಕೊರಗಪ್ಪ. ಒಂದು ದಿನ ಊರುಗೋಲು ಹಿಡಿದು ನಿಂತು, "ಒಂದೇ ಕಾಲಲ್ಲಿ ತಾಳೆಮರ ಹತ್ತಿದವರು ಎಲ್ಲಿಯಾದ್ರೂ ಉಂಟಾ?" ಎಂದು ಕೇಳಿದ. ತಮಾಷೆಗೆಂದು ನಗಲು ಹೋದೆ. ಅವನು ನಗುತ್ತಿರಲಿಲ್ಲ.

ತೊಳೆದಿದ್ದರೂ ಕೊಳೆಯಬಹುದಿತ್ತು, ಅಂಥ ಪಾದಗಳಲ್ಲಿ ಹಾಗಾಗುವುದುಂಟು ಎಂದು ಒಬ್ಬ ಎಳೆಯ ಡಾಕ್ಟರು ಒಮ್ಮೆ ನನಗೆ ಹೇಳಿದರು. ಇರಬಹುದು. ನಾನು ತೊಳೆಯದೆ ಇದ್ದುದರಿಂದ ಅದು ಇನ್ನು ಎಂದೂ ಗೊತ್ತಾಗುವುದಿಲ್ಲ.

ಕಳೆದ ವಾರ ಉರ್ವದ ಮಾರ್ಕೆಟಿನಲ್ಲಿ ನಿಮ್ಮನ್ನು ಕಂಡೆ. ನೀವು ನನ್ನನ್ನು ಕಾಣಲಿಲ್ಲ. ಮೀನಿನವಳು, "ಇವತ್ತಿನ ಬೂತಾಯಿಯಲ್ಲಿ ಒಳ್ಳೆ ಎಣ್ಣೆ ಉಂಟು ಅಕ್ಕಾ, ತೆಕೊಳ್ಳಿ," ಎಂದಳು.

ಊರುಗೋಲಿಗೆ ಆತು ನಿಂತಿದ್ದ ಕೊರಗಪ್ಪ, "ಇವಳ ಕೈಗೆ ಎಣ್ಣೆ ಕೊಡ್ಬೇಡ ಮಾರಾಯ್ತಿ. ಇನ್ನೊಂದು ಕಾಲು ಉಳಿದಿದೆ ನಂಗೆ," ಎಂದ.

ಸುತ್ತಲಿದ್ದವರೆಲ್ಲ ನಕ್ಕರು. ಹಳೆಯ ತಮಾಷೆ, ಎಲ್ಲರಿಗೂ ಬಾಯಿಪಾಠ ಎಂದು ತಿಳಿಯಿತು. ನೀವೂ ಸೆರಗನ್ನು ಬಾಯಿಗೆ ಹಿಡಿದು ನಕ್ಕಿರಿ. ಆಮೇಲೆ ತಲೆ ತಗ್ಗಿಸಿ ಒಂದೊಂದೇ ಮೀನನ್ನು ಆರಿಸುತ್ತಾ ಬಹಳ ಹೊತ್ತು ಕುಳಿತಿರಿ. ಹದಿನಾಲ್ಕು ವರ್ಷದಿಂದ ನೀವು ಹೀಗೆ ನಗುತ್ತಿದ್ದೀರಿ, ಅಕ್ಕು.

ನಿಮಗೆ ಓದಲು ಬರುವುದಿಲ್ಲವೆಂದು ಬಲ್ಲೆ. ನಾಳೆ ನಿಮ್ಮ ಅಂಗಳದಲ್ಲಿ ನಿಂತಾಗ ಒಂದು ಮಾತನ್ನೂ ನುಂಗಬಾರದೆಂದು ಇದನ್ನು ಬರೆದುಕೊಂಡಿದ್ದೇನೆ. ಕೊರಗಪ್ಪ ಮನೆಯಲ್ಲಿರುವ ಹೊತ್ತಿಗೇ ಬರುತ್ತೇನೆ, ತುಳುವಿನಲ್ಲೇ ಹೇಳುತ್ತೇನೆ. ಅಲ್ಲಿಂದ ಮಾರ್ಕೆಟಿಗೆ ಹೋಗಿ ನಕ್ಕವರಿಗೂ ಹೇಳುತ್ತೇನೆ. ಕ್ಷಮೆಯನ್ನು ಮಾತ್ರ ಕೇಳುವುದಿಲ್ಲ — ಕೇಳಿದರೆ ನೀವು ಕೊಟ್ಟುಬಿಡುತ್ತೀರಿ.